ಅಂಟಿಸಿದ ಒಂದು ಚೀಟಿ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಬಹುಕಾಲದ ಹಿಂದೆ ನನಗೆ ಹಳದಿ ರಟ್ಟಿನ ಎರಡು ಕಿರುಹೊತ್ತಗೆಗಳು ಸಿಕ್ಕಿದ್ದವು. ಅಂಗೈಗಿಂತ ಸ್ವಲ್ಪ ದೊಡ್ಡವು. ತೆರೆದರೆ ಓದಲು ಒಂದು ವಾಕ್ಯವೂ ಇಲ್ಲ. ಪುಟದ ತುಂಬ ಐದೈದು ಗೆರೆಗಳ ಪಂಕ್ತಿಗಳು, ಗೆರೆಗಳ ಮೇಲೆ ಇರುವೆ ಸಾಲುಗಟ್ಟಿದಂತೆ ಕಪ್ಪು ಚುಕ್ಕೆಗಳು. ಅಂಗಡಿಯವನು ಅವನ್ನು ಯಾವ ಗುಂಪಿಗೆ ಸೇರಿಸಬೇಕೆಂದು ತೋರದೆ ಗಣಿತದ ಪುಸ್ತಕಗಳ ನಡುವೆ ಇರಿಸಿದ್ದ. ಒಂದು ಚೈಕೋವ್‌ಸ್ಕಿಯ ಆರನೆಯ ಸಿಂಫನಿ, ಇನ್ನೊಂದು ಆಂಟನ್ ಬ್ರುಕ್ನರನ ಏಳನೆಯದು. ಲೈಪ್‌ಜಿಗ್ ನಗರದಲ್ಲಿ 1874ರಲ್ಲಿ ಆರಂಭವಾದ ಆಯ್ಲೆನ್‌ಬುರ್ಗ್ ಪ್ರಕಾಶನದವರು ವಿದ್ಯಾರ್ಥಿಗಳ ಜೇಬಿಗೆ ಹಿಡಿಸುವಂತೆ ಅಚ್ಚು ಹಾಕಿದ ಸ್ಕೋರುಗಳು ಅವು. ಸ್ಕೋರ್ ಎಂಬ ಮಾತು ಆಕಾಶವಾಣಿಯಲ್ಲಿ ಕಿವಿಗೆ ಬಿದ್ದೊಡನೆ ಕ್ರಿಕೆಟ್ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅದನ್ನಲ್ಲ. ಎಂಬತ್ತು ನೂರು ಮಂದಿ ಕೂಡಿ ನುಡಿಸುವ ಸಂಗೀತವನ್ನು, ಪ್ರತಿಯೊಬ್ಬರ ಪಾಲನ್ನೂ ಬಿಡದೆ, ಒಂದೇ ಪುಟದಲ್ಲಿ ಕಾಣಿಸುವ ಪೂರ್ಣ ಸ್ವರಲಿಪಿಯನ್ನು ಕುರಿತು ನನ್ನ ಮಾತು.

ಆ ಪುಟದ ಮೇಲ್ತುದಿಯಲ್ಲಿ ಕೊಳಲು; ಅದರ ಕೆಳಗೆ ಓಬೋ, ಕ್ಲಾರಿನೆಟ್, ಬಸೂನ್. ಆಮೇಲೆ ಹಾರ್ನ್, ಟ್ರಂಪೆಟ್, ಟ್ರಾಂಬೋನ್ ಮೊದಲಾದ ಹಿತ್ತಾಳೆಯ ವಾದ್ಯಗಳು, ಅನಂತರ ನಗಾರಿ ತಾಳಗಳು, ಎಲ್ಲಕ್ಕೂ ಅಡಿಪಾಯವಾಗಿ ಪಿಟೀಲಿನ ಕುಲ. ಕಾಲ ಎಡದಿಂದ ಬಲಕ್ಕೆ ಹರಿಯುತ್ತದೆ, ನಾದ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕಣ್ಣು ಎರಡು ದಿಕ್ಕಿಗೂ ಒಟ್ಟಿಗೆ ಚಲಿಸಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೆಲವು ವಾದ್ಯಗಳಿಗೆ ಬರೆದ ಸ್ವರವೇ ಬೇರೆ, ಕೇಳುವ ಸ್ವರವೇ ಬೇರೆ. ‘ಎಫ್’ ಹಾರ್ನಿಗೆ ‘ಸಿ’ ಎಂದು ಬರೆದಿದ್ದರೆ ಕೇಳಿಸುವುದು ಅದರ ಕೆಳಗಿನ ‘ಎಫ್’. ನಮ್ಮ ಸಂಗೀತವನ್ನು ಕೇಳಿ ಬೆಳೆದವರಿಗೆ ಇದು ಅಷ್ಟೊಂದು ಅಪರಿಚಿತವಾಗಬಾರದು. ಗಾಯಕ ತನ್ನ ಶ್ರುತಿಯನ್ನು ಎಲ್ಲಿ ನಿಲ್ಲಿಸಿಕೊಂಡರೂ ಅದು ಷಡ್ಜವೇ ತಾನೆ? ಆದರೆ ಒಂದೇ ಪುಟದಲ್ಲಿ ಮೂರು ನಾಲ್ಕು ಮಂದಿ ತಮ್ಮ ತಮ್ಮ ಷಡ್ಜವನ್ನು ಹಿಡಿದುಕೊಂಡು ಕುಳಿತರೆ ಓದುವವನ ಗತಿಯೇನು? ದಂಡಿನ ಕಡೆ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ ಸಜ್ಜನರೊಬ್ಬರು ಭಾನುವಾರ ಮಧ್ಯಾಹ್ನಗಳಲ್ಲಿ ನನಗೆ ಈ ಲಿಪಿಯನ್ನು ತಿದ್ದಿಸಿದರು. ಎರಡು ವರ್ಷ ಹಿಡಿಯಿತು. ಇಂದಿಗೂ ನಾನು ಓದುವುದು ಬೆರಳಿಟ್ಟುಕೊಂಡೇ.

ಇಷ್ಟು ಕಷ್ಟವೇಕೆ, ಕೇಳಿ ಆನಂದಿಸಿದರೆ ಸಾಲದೆ, ಎಂದು ನೀವು ಕೇಳಬಹುದು. ನನ್ನ ಹಿರಿಯ ಮಿತ್ರರೊಬ್ಬರು, ಒಳ್ಳೆಯ ವೈಣಿಕರು, ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳನ್ನು ಪ್ರೀತಿಯಿಂದ ಕೂಡಿಹಾಕಿದ್ದವರು, ಹಾಗೆಯೇ ಕೇಳಿದರು. ಅವರಿಗೆ ನಾನು ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ ಕೊನೆಯ ಭಾಗದ ಮೊದಲ ಪುಟವನ್ನು ತೋರಿಸಿದೆ. ಆ ಕೃತಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1893ರ ಅಕ್ಟೋಬರ್ 28ರಂದು ಅವನ ನಿರ್ದೇಶನದಲ್ಲಿಯೇ ಮೊದಲ ಬಾರಿಗೆ ಕೇಳಿಬಂತು; ಒಂಬತ್ತು ದಿನಗಳಲ್ಲಿ ಅವನು ತೀರಿಕೊಂಡ. ಕೊನೆಯ ಭಾಗ ಆರಂಭವಾಗುವುದು ಪಿಟೀಲುಗಳ ಒಂದು ಇಳಿಜಾರು ರಾಗದಿಂದ. ಒಮ್ಮೆ ಕೇಳಿದವರು ಮರೆಯುವಂಥದಲ್ಲ. ಸ್ಕೋರಿನಲ್ಲಿ ಆ ರಾಗವನ್ನು ಹುಡುಕಿದರೆ ಅದು ಎಲ್ಲಿಯೂ ಇಲ್ಲ! ಮೊದಲ ಪಿಟೀಲುಗಳ ಸಾಲಿನಲ್ಲಿರುವುದು ಏರಿಳಿಯುತ್ತ ತಡವರಿಸುವ, ಅರ್ಥವಾಗದ ಸ್ವರಗಳು. ಎರಡನೆಯ ಪಿಟೀಲುಗಳ ಸಾಲಿನಲ್ಲಿಯೂ ಅಂಥವೇ. ರಾಗದ ಒಂದು ಸ್ವರ ಇವರಲ್ಲಿ, ಮುಂದಿನದು ಅವರಲ್ಲಿ, ಮತ್ತೆ ಇವರಲ್ಲಿ. ನಾವು ಕೇಳುವ ಆ ಶೋಕವನ್ನು ಇಡೀ ವೃಂದದಲ್ಲಿ ಒಬ್ಬನೂ ನುಡಿಸುತ್ತಿಲ್ಲ. ಅದು ಕೂಡಿಕೊಳ್ಳುವುದು ಇಬ್ಬರ ನಡುವಿನ ಗಾಳಿಯಲ್ಲಿ. ಆ ಕಾಲದಲ್ಲಿ ಎರಡು ಪಿಟೀಲು ಪಂಗಡಗಳು ವೇದಿಕೆಯ ಎಡಬಲಗಳಲ್ಲಿ ಎದುರುಬದುರಾಗಿ ಕೂರುವ ರೂಢಿಯಿತ್ತು ಎಂಬುದನ್ನು ನೆನೆದರೆ ಈ ಏರ್ಪಾಡಿನ ಸೊಗಸು ಇನ್ನೂ ತಿಳಿಯುತ್ತದೆ. ಅದೇ ರಾಗ ಮುಂದೆ ಮರಳಿ ಬರುವಾಗ ಚೈಕೋವ್‌ಸ್ಕಿ ಅದನ್ನು ಇಡಿಯಾಗಿ ಮೊದಲ ಪಿಟೀಲುಗಳಿಗೇ ಕೊಟ್ಟುಬಿಡುತ್ತಾನೆ. ಕಿವಿಗೆ ಎರಡೂ ಒಂದೇ ರಾಗ. ಕಣ್ಣಿಗೆ ಮೊದಲನೆಯದು ಚೂರಾದದ್ದು, ಎರಡನೆಯದು ಕೂಡಿದ್ದು. ಮಿತ್ರರು ಆ ಪುಟವನ್ನು ಬಹಳ ಹೊತ್ತು ನೋಡಿದರು. “ಇದನ್ನು ಕೇಳುಗನಿಗೆ ಹೇಳದೆ ಹೋದನಲ್ಲ ಪುಣ್ಯಾತ್ಮ” ಎಂದರು.

ಅದೇ ಕೃತಿಯ ಮೊದಲ ಭಾಗದಲ್ಲಿ, ಸಿಡಿಲಿನಂಥ ಒಂದು ಘೋಷಕ್ಕೆ ಸ್ವಲ್ಪ ಮೊದಲು, ಬಸೂನಿಗೆ ನಾಲ್ಕು ಸ್ವರಗಳಿವೆ. ಅವುಗಳ ಕೆಳಗೆ ಮೆಲ್ಲಗೆ ಎಂಬುದಕ್ಕೆ ಸಂಕೇತವಾದ ‘ಪಿ’ ಅಕ್ಷರ ಆರು ಸಲ. ಬಸೂನಿನಲ್ಲಿ ಅಷ್ಟು ಮೆಲ್ಲಗೆ ನುಡಿಸುವುದು ಸಾಧ್ಯವಾಗದೆಂದು ಅನೇಕ ನಿರ್ದೇಶಕರು ಆ ನಾಲ್ಕು ಸ್ವರಗಳನ್ನು ಬೇಸ್ ಕ್ಲಾರಿನೆಟ್ಟಿಗೆ ವಹಿಸುತ್ತಾರೆ. ಬರೆದಂತೆ ನುಡಿಸಿದವನು ಪ್ರಾಮಾಣಿಕನೋ, ಬರೆದವನ ಇಷ್ಟವನ್ನು ಈಡೇರಿಸಲು ಬರೆದುದನ್ನು ಬದಲಾಯಿಸಿದವನು ಪ್ರಾಮಾಣಿಕನೋ? ಈ ಪ್ರಶ್ನೆ ಆಗ ನನಗೆ ಒಂದು ವಿನೋದದಂತೆ ಮಾತ್ರ ತೋರಿತ್ತು. ಅದು ವಿನೋದವಲ್ಲವೆಂದು ಕಲಿಸಿದ್ದು ಎರಡನೆಯ ಹಳದಿ ಪುಸ್ತಕ.

ಬ್ರುಕ್ನರನ ಏಳನೆಯ ಸಿಂಫನಿಯ ಎರಡನೆಯ ಭಾಗ ಒಂದು ದೀರ್ಘ ವಿಲಂಬ. ಅದನ್ನು ಆರಂಭಿಸುವವು ನಾಲ್ಕು ವಾಗ್ನರ್ ಟ್ಯೂಬಾಗಳು. ವಾಗ್ನರ್ ತನ್ನ ಸಂಗೀತನಾಟಕಗಳಿಗೆಂದು ಮಾಡಿಸಿಕೊಂಡಿದ್ದ, ಕತ್ತಲೆಗೆ ಕಂಠ ಬಂದಂಥ ಹಿತ್ತಾಳೆಯ ವಾದ್ಯಗಳು. ಗುರುವೆಂದು ತಾನು ಪೂಜಿಸುತ್ತಿದ್ದ ವಾಗ್ನರ್ ಇನ್ನು ಹೆಚ್ಚು ಕಾಲ ಬದುಕಲಾರನೆಂಬ ದುಗುಡದಲ್ಲಿದ್ದಾಗ ಈ ಭಾಗದ ಮೊದಲ ಸ್ವರಗಳು ತನಗೆ ಹೊಳೆದುವೆಂದು ಬ್ರುಕ್ನರ್ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. 1883ರ ಫೆಬ್ರವರಿ 13ರಂದು ವೆನಿಸ್ಸಿನಲ್ಲಿ ವಾಗ್ನರ್ ತೀರಿಕೊಂಡ. ಭಾಗದ ಕೊನೆಯಲ್ಲಿ ಟ್ಯೂಬಾಗಳು ಮಾತ್ರ ಕೂಡಿ ನುಡಿಸುವ ಶೋಕಗೀತ ಆ ಸುದ್ದಿ ಬಂದ ಮೇಲೆ ಬರೆದದ್ದು. ಅದಕ್ಕೆ ಮುಂಚೆ ಪಿಟೀಲುಗಳು ಆರಾರು ಸ್ವರಗಳ ಗೊಂಚಲುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತವೆ. ಕೆಳಗೆ ಹಿತ್ತಾಳೆಯ ವಾದ್ಯಗಳು ಒಂದೊಂದಾಗಿ ಬಂದು ಸೇರುತ್ತವೆ. ಸಾಲು ಸಾಲಾಗಿ ಪುಟ ಕಪ್ಪಾಗುತ್ತ ಬರುತ್ತದೆ. ಕೊನೆಗೆ ಸ್ಕೋರಿನಲ್ಲಿ ‘ಡಬ್ಲ್ಯೂ’ ಎಂದು ಗುರುತು ಮಾಡಿದ ಜಾಗದಲ್ಲಿ ಎಲ್ಲವೂ ಒಟ್ಟಿಗೆ ‘ಸಿ’ ಮೇಜರಿನ ಬೆಳಕಿಗೆ ಬಂದು ನಿಲ್ಲುತ್ತದೆ. ನನ್ನ ಹಳದಿ ಪುಸ್ತಕದಲ್ಲಿ ಅಲ್ಲಿ ಒಂದು ಸಿಂಬಲ್ ಹೊಡೆತವಿದೆ. ಎರಡು ದೊಡ್ಡ ಕಂಚಿನ ತಾಳಗಳು ಅಪ್ಪಳಿಸುವ ಒಂದೇ ಒಂದು ಪೆಟ್ಟು, ಜೊತೆಗೆ ಟ್ರಯಾಂಗಲಿನ ಝೇಂಕಾರ. ಒಂದು ಗಂಟೆಗೂ ಮೀರಿದ ಸಿಂಫನಿಯಲ್ಲಿ ತಾಳದವನಿಗೆ ಇರುವ ಕೆಲಸ ಅಷ್ಟೇ.

ಮಿತ್ರರಲ್ಲಿ ಆ ಸಿಂಫನಿಯ ಮುದ್ರಿಕೆಯೊಂದಿತ್ತು. ಅವರ ಮನೆಯ ಪಡಸಾಲೆಯಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟು, ತಾಳದ ಸಾಲಿನ ಮೇಲೆ ಬೆರಳಿಟ್ಟು ಕಾದೆ. ಆ ಜಾಗ ಬಂತು, ಹೋಯಿತು. ಪೆಟ್ಟು ಬೀಳಲಿಲ್ಲ. ಮತ್ತೊಮ್ಮೆ ಹಾಕಿಸಿದೆ, ಇಲ್ಲ. “ತಾಳದವನು ನಿದ್ದೆ ಹೋಗಿದ್ದಾನೆ” ಎಂದು ನಕ್ಕೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಲವು ದಿನಗಳ ಮೇಲೆ ಊರಿನ ರಸಿಕರ ಪುಟ್ಟ ಗೋಷ್ಠಿಯೊಂದರಲ್ಲಿ ಇದನ್ನೇ ದೃಷ್ಟಾಂತವಾಗಿ ಇಟ್ಟುಕೊಂಡು, ಕರ್ತೃ ಬರೆದುದನ್ನು ನುಡಿಸದೆ ಬಿಡುವ ನಿರ್ದೇಶಕರ ಅಹಂಕಾರವನ್ನು ಕುರಿತು ಸಾಕಷ್ಟು ಖಾರವಾಗಿ ಮಾತಾಡಿದೆ. ಲಿಪಿ ಓದಲು ಬಲ್ಲೆನೆಂಬ ಹೆಮ್ಮೆ ನನ್ನದು. ಸಭೆ ಒಪ್ಪಿ ತಲೆದೂಗಿತು. ಮಿತ್ರರು ಮಾತ್ರ ಹೊರಗೆ ಬಂದಮೇಲೆ, “ತಾಳ ತಪ್ಪಿದ್ದು ಅವರಿಗೋ ನಿಮಗೋ, ಒಂದು ಸಲ ವಿಚಾರಿಸಿ” ಎಂದರು. ವಿಚಾರಿಸಲು ನನಗೆ ಹಲವು ವರ್ಷ ಬೇಕಾಯಿತು. ವಿಚಾರಿಸಿದ ಮೇಲೆ ಗೋಷ್ಠಿಯಲ್ಲಿ ಆಡಿದ ಒಂದೊಂದು ಮಾತೂ ಗಂಟಲಿಗೆ ಸಿಕ್ಕಿಕೊಂಡಿತು.

ಬ್ರುಕ್ನರ್ ಹುಟ್ಟಿದ್ದು 1824ರಲ್ಲಿ, ಆಸ್ಟ್ರಿಯದ ಆನ್ಸ್‌ಫೆಲ್ಡನ್ ಎಂಬ ಹಳ್ಳಿಯಲ್ಲಿ. ಶಾಲಾಮಾಸ್ತರನ ಮಗ, ತಾನೂ ಕೆಲಕಾಲ ಹಳ್ಳಿಯ ಮಾಸ್ತರ. ಆರ್ಗನ್ ವಾದಕನೆಂದು ಹೆಸರು ಮಾಡಿ 1868ರಲ್ಲಿ ವಿಯೆನ್ನಾ ಸಂಗೀತಶಾಲೆಗೆ ಅಧ್ಯಾಪಕನಾಗಿ ಬಂದ. ಅವನ ಸಿಂಫನಿಗಳನ್ನು ಆ ನಗರ ಬಹುಕಾಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅವನ ಬೆಂಬಲಕ್ಕೆ ನಿಂತವರು ಶಿಷ್ಯರು: ಜೋಸೆಫ್ ಶಾಲ್ಕ್, ಅವನ ತಮ್ಮ ಫ್ರಾನ್ಜ್ ಶಾಲ್ಕ್, ಫರ್ಡಿನಾಂಡ್ ಲೋವೆ. ಗುರುವಿನ ಕೃತಿಗಳನ್ನು ಪಿಯಾನೋದ ಮೇಲೆ ನುಡಿಸಿ ತೋರಿಸಿದವರು, ಪ್ರಕಾಶಕರನ್ನು ಹುಡುಕಿದವರು, ವೃಂದಗಳ ಬಾಗಿಲು ತಟ್ಟಿದವರು ಇವರು. ಇವರು ಇಲ್ಲದಿದ್ದರೆ ಬ್ರುಕ್ನರ್ ನಮಗೆ ಸಿಕ್ಕುತ್ತಿದ್ದನೇ ಎಂಬುದು ಸಂದೇಹ. ಗುರು ಬರೆದುದು ಲೋಕ ಒಪ್ಪುವಂತಾಗಬೇಕಾದರೆ ಇಲ್ಲೊಂದಿಷ್ಟು ಕತ್ತರಿಸಬೇಕು, ಅಲ್ಲೊಂದಿಷ್ಟು ಬಣ್ಣ ಬಳಿಯಬೇಕು ಎಂದು ನಂಬಿದವರೂ ಇವರೇ.

ಏಳನೆಯ ಸಿಂಫನಿ ಮುಗಿದದ್ದು 1883ರ ಸೆಪ್ಟೆಂಬರಿನಲ್ಲಿ. ಅದನ್ನು ಮೊದಲು ನುಡಿಸಿದ್ದು ವಿಯೆನ್ನಾ ಅಲ್ಲ, ಲೈಪ್‌ಜಿಗ್. 1884ರ ಡಿಸೆಂಬರ್ 30ರಂದು, ಇಪ್ಪತ್ತೊಂಬತ್ತು ವರ್ಷದ ಆರ್ಥರ್ ನಿಕಿಶ್‌ನ ನಿರ್ದೇಶನದಲ್ಲಿ. ಮುಂದಿನ ಮಾರ್ಚಿನಲ್ಲಿ ಹರ್ಮನ್ ಲೆವಿ ಮ್ಯೂನಿಕ್ಕಿನಲ್ಲಿ ಅದನ್ನು ನಡೆಸಿದಾಗ ಅರವತ್ತು ದಾಟಿದ ಬ್ರುಕ್ನರನಿಗೆ ಮೊದಲ ಬಾರಿಗೆ ದೊಡ್ಡ ಗೆಲವು ದೊರೆಯಿತು. ಈ ಎರಡು ಕಚೇರಿಗಳ ನಡುವೆ, 1885ರ ಜನವರಿಯಲ್ಲಿ, ಜೋಸೆಫ್ ಶಾಲ್ಕ್ ತಮ್ಮನಿಗೆ ಬರೆದ ಒಂದು ಪತ್ರ ಉಳಿದಿದೆ. ತಾನೂ ಲೋವೆಯೂ ಬ್ರುಕ್ನರನ ಜೊತೆ ಕುಳಿತು ಸ್ಕೋರಿನಲ್ಲಿ ಕೆಲವು ತಿದ್ದುಪಾಟುಗಳನ್ನು ಪರಿಶೀಲಿಸಿದ್ದನ್ನು ಅದರಲ್ಲಿ ತಿಳಿಸುತ್ತಾನೆ. ವಿಲಂಬ ಭಾಗದ ‘ಸಿ’ ಮೇಜರ್ ಘಟ್ಟದಲ್ಲಿ ತಾವೆಲ್ಲ ಬಯಸಿದ್ದ ಸಿಂಬಲ್ ಪೆಟ್ಟನ್ನು, ಟ್ರಯಾಂಗಲ್ ಮತ್ತು ನಗಾರಿಗಳ ಸಮೇತ, ಸೇರಿಸಲೇಬೇಕೆಂದು ನಿಕಿಶ್ ಪಟ್ಟುಹಿಡಿದು ಒಪ್ಪಿಸಿದನೆಂದು ಹಿಗ್ಗುತ್ತಾನೆ. ಬಯಸಿದವರು ಯಾರು, ಒತ್ತಾಯಿಸಿದವರು ಯಾರು, ಸ್ಪಷ್ಟವಾಗಿದೆ. ಒಪ್ಪಿದವನು ಹೇಗೆ ಒಪ್ಪಿದನೆಂಬುದಷ್ಟೇ ಪತ್ರದಲ್ಲಿಲ್ಲ.

ಈ ಒಪ್ಪಿಗೆಯ ಕುರುಹು ಬ್ರುಕ್ನರನ ಹಸ್ತಪ್ರತಿಯಲ್ಲಿದೆ. ಅದರ ಚಿತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡುವ ಭಾಗ್ಯ ನನಗೂ ದೊರೆಯಿತು. ಅವನು ಹಾಳೆಯ ಮೇಲೆ ಬರೆದ ಸಾಲುಗಳಲ್ಲಿ ಆ ತಾಳವಾದ್ಯಗಳಿಲ್ಲ. ಅವು ಇರುವುದು ಬೇರೆಯಾಗಿ ಬರೆದು ಪುಟಕ್ಕೆ ಅಂಟಿಸಿದ ಒಂದು ಚೀಟಿಯಲ್ಲಿ. ಆ ಚೀಟಿಯ ಮೇಲೆ ಜರ್ಮನ್ ಭಾಷೆಯ ಎರಡು ಪದಗಳು: ‘ಗಿಲ್ಟ್ ನಿಷ್ಟ್’. ಸಲ್ಲದು, ಊರ್ಜಿತವಲ್ಲ ಎಂದು ಅರ್ಥ. ಬರೆದವರು ಯಾರು?

ಗ್ರಂಥಸಂಪಾದನೆಯ ರುಚಿ ಇರುವ ನಮ್ಮ ಓದುಗರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಓಲೆಗರಿಯ ಅಂಚಿನಲ್ಲಿ ಯಾರೋ ಗೀಚಿದ ಮಾತು ಮೂಲವೋ ಪ್ರಕ್ಷಿಪ್ತವೋ ಎಂದು ವಿದ್ವಾಂಸರು ವಾದಿಸಿದ್ದನ್ನು ನಾವು ಬಲ್ಲೆವು. ಅಲ್ಲಿ ಕವಿಗೂ ಲಿಪಿಕಾರನಿಗೂ ನಡುವೆ ಶತಮಾನಗಳ ಅಂತರವಿರುತ್ತದೆ, ಕವಿಯನ್ನು ಕೇಳುವಂತಿಲ್ಲ. ಇಲ್ಲಿ ಕರ್ತೃ ಅದೇ ಮೇಜಿನ ಮುಂದೆ ಕುಳಿತಿದ್ದ. 1885ರಲ್ಲಿ ವಿಯೆನ್ನಾದಲ್ಲಿ ಸ್ಕೋರ್ ಮೊದಲ ಬಾರಿ ಅಚ್ಚಾದಾಗ ಆ ಪೆಟ್ಟು ಅದರಲ್ಲಿತ್ತು. ಬ್ರುಕ್ನರ್ ಇನ್ನೂ ಹನ್ನೊಂದು ವರ್ಷ ಬದುಕಿದ್ದ. ನನ್ನ ಹಳದಿ ಪುಸ್ತಕ ಆ ಅಚ್ಚಿನ ವಂಶಕ್ಕೇ ಸೇರಿದ್ದು.

ಅವನು ಎಂಥ ಮನುಷ್ಯನೆಂಬುದನ್ನು ನೆನೆಯದೆ ಈ ಮೌನವನ್ನು ಅಳೆಯಲಾಗದು. ಎಂಟನೆಯ ಸಿಂಫನಿಯನ್ನು ಮುಗಿಸಿ 1887ರಲ್ಲಿ ಸಂತೋಷದಿಂದ ಲೆವಿಗೆ ಕಳುಹಿಸಿದ. ಏಳನೆಯದನ್ನು ಗೆಲ್ಲಿಸಿಕೊಟ್ಟ ಅದೇ ಲೆವಿ, ಇದು ತನಗೆ ಅರ್ಥವಾಗಲಿಲ್ಲ, ನಡೆಸಲಾರೆ ಎಂಬ ಉತ್ತರ ಕೊಡಿಸಿದ. ಮುದುಕ ಕುಸಿದುಹೋದ; ಆಮೇಲೆ ಎಂಟನೆಯದನ್ನು 1890ರವರೆಗೆ ತಿದ್ದಿದ, ಅದರ ನಡುವೆ ಹಳೆಯ ಮೂರನೆಯದನ್ನೂ ಮತ್ತೆ ಕೈಗೆತ್ತಿಕೊಂಡ. ಒಂಬತ್ತನೆಯದು ಮುಗಿಯದೆ ಉಳಿಯಿತು. ಇಷ್ಟಾದರೂ ಈ ಹಳ್ಳಿಮಾಸ್ತರನೊಳಗೆ ಬಗ್ಗದ ಏನೋ ಒಂದಿತ್ತು. ಎಂಟನೆಯದನ್ನು ನಡೆಸಲು ಮುಂದೆ ಬಂದಿದ್ದ ವೈನ್‌ಗಾರ್ಟ್ನರನಿಗೆ 1891ರಲ್ಲಿ ಬರೆಯುತ್ತ, ಕೊನೆಯ ಭಾಗವನ್ನು ಬೇಕಾದರೆ ಮೊಟಕು ಮಾಡು, ಇಡಿಯಾದದ್ದು ಮುಂದಿನ ಕಾಲದವರಿಗೆ ಎಂಬರ್ಥದ ಮಾತು ಹೇಳಿದ. ತನ್ನ ಹಸ್ತಪ್ರತಿಗಳೆಲ್ಲ ವಿಯೆನ್ನಾದ ಆಸ್ಥಾನ ಗ್ರಂಥಾಲಯಕ್ಕೆ ಸೇರಬೇಕೆಂದು ಉಯಿಲು ಬರೆದಿಟ್ಟ. ಬದುಕಿರುವವರೊಡನೆ ರಾಜಿಯಾಗಿ, ಹುಟ್ಟದವರಿಗೆ ಮೂಲವನ್ನು ಬಚ್ಚಿಟ್ಟುಹೋದ ಜಾಣತನ ಇದು ಎಂದು ನನಗೆ ತೋರುತ್ತದೆ.

ಆ ಗಂಟು ಬಿಚ್ಚಿದ್ದು ಅವನು ಸತ್ತು ದಶಕಗಳಾದ ಮೇಲೆ. ಒಂಬತ್ತನೆಯ ಸಿಂಫನಿ 1903ರಲ್ಲಿ ಹೊರಬಂದದ್ದು ಲೋವೆ ತನ್ನ ಕೈಯಿಂದ ತಿದ್ದಿ ಮೃದುಮಾಡಿದ ರೂಪದಲ್ಲಿ. 1932ರ ಏಪ್ರಿಲ್ 2ರಂದು ಮ್ಯೂನಿಕ್ಕಿನಲ್ಲಿ ಹೌಸೆಗರ್ ಎಂಬ ನಿರ್ದೇಶಕ ಒಂದೇ ಸಂಜೆ ಎರಡು ರೂಪಗಳನ್ನೂ ನುಡಿಸಿದ, ಮೊದಲು ಲೋವೆಯದು, ಆಮೇಲೆ ಬ್ರುಕ್ನರನದು. ಸಭೆ ಕಿವಿಯಿಂದಲೇ ತೀರ್ಪು ಕೊಟ್ಟಿತು, ಮೂಲವೇ ಗೆದ್ದಿತು. ಹಸ್ತಪ್ರತಿಗಳನ್ನು ಆಧರಿಸಿ ಸಮಗ್ರ ಆವೃತ್ತಿಯನ್ನು ಸಿದ್ಧಪಡಿಸುವ ಹೊಣೆಯನ್ನು ಹೊತ್ತವನು ವಿಯೆನ್ನಾ ಗ್ರಂಥಾಲಯದ ರಾಬರ್ಟ್ ಹಾಸ್. ಅವನ ಏಳನೆಯ ಸಿಂಫನಿ 1944ರಲ್ಲಿ ಅಚ್ಚಾಯಿತು. ‘ಸಲ್ಲದು’ ಎಂದು ಬರೆದವನು ಬ್ರುಕ್ನರನೇ ಎಂದು ಹಾಸ್ ತೀರ್ಮಾನಿಸಿದ, ಸಿಂಬಲ್ ಪೆಟ್ಟನ್ನು ತೆಗೆದುಹಾಕಿದ. ಯುದ್ಧ ಮುಗಿದ ಮೇಲೆ ಅವನ ಸ್ಥಾನಕ್ಕೆ ಬಂದ ಲಿಯೊಪೋಲ್ಡ್ ನೊವಾಕ್, ಆ ಬರವಣಿಗೆ ಬ್ರುಕ್ನರನದಲ್ಲವೆಂದು ಬಗೆದು 1954ರ ತನ್ನ ಆವೃತ್ತಿಯಲ್ಲಿ ಅದನ್ನು ಮತ್ತೆ ಸೇರಿಸಿದ. ನನ್ನ ಮಿತ್ರರ ಮುದ್ರಿಕೆಯಲ್ಲಿದ್ದುದು ಹಾಸ್‌ನ ಪಾಠ. ತಾಳದವನು ನಿದ್ದೆ ಹೋಗಿರಲಿಲ್ಲ. ಅವನನ್ನು ಕರೆದೇ ಇರಲಿಲ್ಲ.

ಇಲ್ಲೊಂದು ಕಹಿಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಾಸ್ ನಾಜಿ ಪಕ್ಷದ ಸದಸ್ಯನಾಗಿದ್ದ. ಯುದ್ಧಾನಂತರ ಅವನು ಸ್ಥಾನ ಕಳೆದುಕೊಂಡದ್ದು ಆ ಕಾರಣಕ್ಕೆ. 1937ರ ಜೂನಿನಲ್ಲಿ ರೇಗನ್ಸ್‌ಬುರ್ಗಿನ ಬಳಿಯ ವಾಲ್ಹಾಲ ಸ್ಮಾರಕದಲ್ಲಿ ಬ್ರುಕ್ನರನ ಪ್ರತಿಮೆಯನ್ನು ಸ್ಥಾಪಿಸಿದಾಗ ಹಿಟ್ಲರನೇ ಬಂದು ನಿಂತಿದ್ದ. ಭಾಷಣ ಮಾಡಿದ ಗೋಬೆಲ್ಸ್ ಮೂಲಪಾಠಗಳ ಪ್ರಕಟಣೆಗೆ ಸರ್ಕಾರದ ಧನಸಹಾಯ ಘೋಷಿಸಿದ. ಪರರ ಕೈ ಸೋಂಕದ ಶುದ್ಧ ಬ್ರುಕ್ನರ್ ಎಂಬ ಮಾತು ಆ ಕಾಲದಲ್ಲಿ ಬರೀ ಪಾಠಶೋಧನೆಯ ಮಾತಾಗಿ ಉಳಿಯಲಿಲ್ಲ. ಸೋಂಕಿದ ಕೈಗಳಲ್ಲಿ ಲೋವೆಯದು ಯಹೂದಿ ಮೂಲದ್ದು. 1945ರ ಮೇ 1ರ ರಾತ್ರಿ ಹಿಟ್ಲರನ ಸಾವಿನ ಸುದ್ದಿಯನ್ನು ಸಾರುವ ಮೊದಲು ಹ್ಯಾಂಬರ್ಗ್ ಆಕಾಶವಾಣಿ ಬಿತ್ತರಿಸಿದ್ದು ಇದೇ ಏಳನೆಯ ಸಿಂಫನಿಯ ವಿಲಂಬ ಭಾಗವನ್ನು. ಇಂಥದೇ ಒಂದು ಮೈಕಿನ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ. ಹಾಗೆಂದು ಹಾಸ್‌ನ ದುಡಿಮೆಯೆಲ್ಲ ಸುಳ್ಳಾಗುವುದಿಲ್ಲ. ಒಂಬತ್ತನೆಯದರ ಮೂಲವನ್ನು ಕೇಳಿ ಸಭೆ ಬೆರಗಾದದ್ದು ಹಿಟ್ಲರ್ ಅಧಿಕಾರಕ್ಕೆ ಬರುವ ಮುನ್ನ. ಸರಿಯಾದ ಪಾಠವನ್ನು ಕೆಟ್ಟವರು ಹೊಗಳಬಹುದು, ತಪ್ಪು ಪಾಠವನ್ನು ಒಳ್ಳೆಯವರು ಪ್ರೀತಿಯಿಂದ ಮಾಡಿರಬಹುದು. ಹಾಳೆಯ ಮೇಲಿನ ಎರಡು ಪದಗಳ ಅಕ್ಷರಗಳನ್ನು ಆಗಲೂ ಭೂತಗನ್ನಡಿಯಿಂದಲೇ ನೋಡಬೇಕು.

ಹಾಗಾದರೆ ಪೆಟ್ಟು ಬೇಕೆ, ಬೇಡವೆ? ಬೇಕೆನ್ನುವವರ ಕೈಯಲ್ಲಿ ಒಂದು ಬಲವಾದ ಸಾಕ್ಷಿಯಿದೆ. ಮುಂದಿನ ಸಿಂಫನಿಯ ವಿಲಂಬ ಭಾಗದ ಶಿಖರದಲ್ಲಿ ಬ್ರುಕ್ನರ್ ಸಿಂಬಲನ್ನೂ ಟ್ರಯಾಂಗಲನ್ನೂ ಚೀಟಿಯ ಹಂಗಿಲ್ಲದೆ ತಾನೇ ಬರೆದಿದ್ದಾನೆ. ಶಿಷ್ಯರು ಒತ್ತಾಯಿಸಿ ಕೊಟ್ಟದ್ದು ಗುರುವಿಗೆ ರುಚಿಸಿತು ಎಂದಲ್ಲವೆ ಇದರ ಅರ್ಥ? ಬೇಡವೆನ್ನುವವರು ಪುಟವನ್ನೇ ತೋರಿಸುತ್ತಾರೆ. ಏಳನೆಯದರ ಮೊದಲ ಭಾಗದಲ್ಲಿ ನಗಾರಿ ಮುನ್ನೂರ ತೊಂಬತ್ತು ಅಳತೆಗಳಷ್ಟು ಕಾಲ ಬಾಯಿ ಬಿಡುವುದಿಲ್ಲ. ಕಟ್ಟಕಡೆಯಲ್ಲಿ ಬಂದು ಒಂದೇ ಸ್ವರವನ್ನು ಗುಡುಗಿನಂತೆ ಉರುಳಿಸುತ್ತದೆ. ಅಷ್ಟು ಕಾಯಬಲ್ಲವನು ‘ಡಬ್ಲ್ಯೂ’ ಜಾಗದಲ್ಲಿ ಪಿಟೀಲುಗಳೇ ಹತ್ತಿ ತಂದ ಬೆಳಕಿಗೆ ಕಂಚಿನ ಹೊಳಪು ಬಯಸಿರಲಿಕ್ಕಿಲ್ಲ. ನಾನು ಬಹುಕಾಲ ಎರಡನೆಯ ಪಕ್ಷದವನಾಗಿದ್ದೆ, ಪಶ್ಚಾತ್ತಾಪದ ಹುರುಪಿನಲ್ಲಿ. ಈಗ ಪೆಟ್ಟಿಲ್ಲದ ಮುದ್ರಿಕೆಯನ್ನು ಕೇಳುವಾಗ ನನ್ನ ಕಿವಿ ಅದನ್ನು ತಾನೇ ಸೇರಿಸಿಕೊಳ್ಳುತ್ತದೆ. ಪೆಟ್ಟಿರುವುದನ್ನು ಕೇಳುವಾಗ ಕಣ್ಣು ಅಂಟಿಸಿದ ಚೀಟಿಯನ್ನು ಕಾಣುತ್ತದೆ.

ಬ್ರುಕ್ನರನ ಪಾಠಗಳನ್ನು ಹುಡುಗನಾಗಿದ್ದಾಗ ಕೇಳಿದ್ದ ಗುಸ್ಟಾಫ್ ಮಾಲರನ ವಿಷಯ ಬೇರೆ. ಅವನು ಸ್ವತಃ ದೊಡ್ಡ ನಿರ್ದೇಶಕ. ತಿದ್ದುವ ಕತ್ತರಿ ಅವನ ಕೈಯಲ್ಲೇ ಇತ್ತು. 1906ರ ಮೇ ತಿಂಗಳಲ್ಲಿ ಎಸ್ಸೆನ್ ನಗರದಲ್ಲಿ ಮೊದಲು ಕೇಳಿಬಂದ ತನ್ನ ಆರನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಅವನು ದೊಡ್ಡ ಮರದ ಸುತ್ತಿಗೆಯ ಮೂರು ಹೊಡೆತಗಳನ್ನು ಬರೆದಿದ್ದ. ಮೂರನೆಯದನ್ನು ತಾನೇ ಹೊಡೆದುಹಾಕಿದ. ನಡುವಣ ಎರಡು ಭಾಗಗಳ ಕ್ರಮವನ್ನೂ ಅದಲುಬದಲು ಮಾಡಿದ. ಅವನು ಸತ್ತ ಮೇಲೆ ಯಾವ ಕ್ರಮ ಸರಿಯೆಂದು ಸಂಪಾದಕರು ಒಮ್ಮೆ ಹೀಗೆ, ಒಮ್ಮೆ ಹಾಗೆ ತೀರ್ಪಿತ್ತರು. ಕರ್ತೃವೇ ಅಳಿಸಿದ ಸುತ್ತಿಗೆಯ ಪೆಟ್ಟನ್ನು ಮರಳಿ ತರುವ ನಿರ್ದೇಶಕರು ಇಂದಿಗೂ ಇದ್ದಾರೆ. ಅದು ಬೇರೊಂದು ಭಾಷಣಕ್ಕೆ ತಕ್ಕ ವಸ್ತು.

ಗೋಷ್ಠಿಯಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಆ ಗೋಷ್ಠಿಯೇ ಉಳಿದಿರಲಿಲ್ಲ. ಮಿತ್ರರ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ಆಗ ಅವರಿಗೆ ಬೆರಳು ನಡುಗಿ ವೀಣೆ ಬಿಟ್ಟು ಮೂರು ವರ್ಷವಾಗಿತ್ತು. ಅದೇ ಮುದ್ರಿಕೆಯನ್ನು ಹಾಕಿಸಿದರು. ಪುಟ ಕಪ್ಪಾಗುತ್ತ ಬಂತು, ಬೆಳಕು ಒಡೆಯಿತು, ಟ್ಯೂಬಾಗಳು ಶೋಕಕ್ಕೆ ಇಳಿದವು. ಮುಗಿದ ಮೇಲೆ ಅವರು, “ಆ ಚೀಟಿಯನ್ನು ಅಂಟಿಸುವಾಗ ಅವನು ಅಲ್ಲೇ ಕುಳಿತಿದ್ದನೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಹಳದಿ ಪುಸ್ತಕದ ಆ ಪುಟದಲ್ಲಿ, ತಾಳದ ಸಾಲಿನ ಪಕ್ಕ, ಸೀಸದ ಕಡ್ಡಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹಾಕಿದ ಮೇಲೆ, ಮುಂದೆಂದಾದರೂ ಈ ಪುಸ್ತಕ ಮತ್ತೆ ಅವೆನ್ಯೂ ರಸ್ತೆಯ ರಾಶಿಗೆ ಬಿದ್ದು, ಅಲ್ಲಿಂದ ಇದನ್ನು ಕೊಂಡ ಯಾರೋ ಒಬ್ಬರು ಇದು ಯಾರ ಕೈಬರಹವೆಂದು ತಲೆಕೆಡಿಸಿಕೊಂಡಾರು ಎನಿಸಿತು. ರಬ್ಬರಿನಿಂದ ಒರೆಸಿದೆ. ಹಳೆಯ ಕಾಗದ, ಗುರುತು ಪೂರ್ತಿ ಹೋಗಲಿಲ್ಲ.